ಹುಲಿಗೆಮ್ಮನ ಮೂಗುತಿ

ನೂಲು ತೆಗೆಯುವ ಹಾಲ್‌ನಲ್ಲಿದ್ದ ಹೆಂಗಸರೆಲ್ಲರ ಮೂಗು ಒಮ್ಮೆಗೇ ಚುರ್ ಎಂದಿತು. ಇರುವೆ ಕಚ್ಚಿದಂತೆ, ಅಷ್ಟೇ. ಕೈಯಲ್ಲಿದ್ದ ನೂಲನ್ನು ಅಲ್ಲೇ ಬಿಟ್ಟು ಎಲ್ಲರೂ ಅಂಗಳಕ್ಕೆ ಓಡಿದರು. ಪೈಪಿನ ಕೀಲೊಂದು ಸೋರುತ್ತಿತ್ತು. ಫಿಟ್ಟರ್‌ಗಳು ಬಂದು ಬಿಗಿಯುವ ತನಕ ಹೆಂಗಸರು ಬೇವಿನ ಮರದಡಿ ಕೂತು ಎಲೆ ಅಡಿಕೆ ಹಾಕಿಕೊಂಡರು.

ಡಾ. ಗಂಗಾಂಬಿಕೆ ಕಟ್ಟಿಮನಿ ಪ್ರಯೋಗಾಲಯದ ಕಿಟಕಿಯಿಂದ ನೋಡಿ ಬೀಗಿದಳು. ಬೀಗದೆ ಏನು? ಎಲ್ಲರ ಮೂಗನ್ನು ಚುರ್ ಎನ್ನಿಸಿದ ಮೂಗುತಿ ಅವಳ ಕೂಸು. ಮರದ ತಿರುಳಿನಿಂದ ರೇಯಾನ್ ನೂಲು ತೆಗೆಯಲು ಕಾರ್ಬನ್ ಡೈಸಲ್ಫೈಡ್ ಬೇಕೇ ಬೇಕು. 2058ರಲ್ಲೂ ರಾಯಚೂರು ಸೀಮೆಯ ಈ ಕಾರ್ಖಾನೆಗೆ ಅದಕ್ಕೆ ಬದಲಿ ಸಿಕ್ಕಿರಲಿಲ್ಲ. ಎಂಥ ಪಾಪಿ ದ್ರವ ಅದು! ಆವಿ ಕುಡಿದರೆ ನರ ಕೆಡುತ್ತದೆ. ಹೊತ್ತಿಕೊಳ್ಳಲು ಕಿಡಿಯೂ ಬೇಡ, ಕಾದ ಹಬೆಯ ಪೈಪು ತಾಗಿದರೆ ಸಾಕು. ಮೊದಲು ಕೊಳೆತ ಕೋಸಿನ ವಾಸನೆ ಬರುತ್ತದೆ ನಿಜ, ಆದರೆ ತುಸು ಹೊತ್ತಿಗೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ.

ಸೊಂಟಕ್ಕೆ ಕಟ್ಟಿಕೊಳ್ಳಿ ಎಂದು ಕಂಪನಿ ಕೊಟ್ಟ, ಆವಿ ಬಂದರೆ ಎಚ್ಚರಿಸುವ ಯಂತ್ರಗಳನ್ನು ಹೆಂಗಸರು ಬುತ್ತಿ ಚೀಲದ ಜೊತೆ ಮೊಳೆಗೆ ತೂಗುಹಾಕುತ್ತಿದ್ದರು. ಆಗ ಗಂಗಾಂಬಿಕೆಗೆ ಹೊಳೆಯಿತು: ಮುತ್ತೈದೆ ಏನು ಬಿಚ್ಚಿಟ್ಟರೂ ಮೂಗುತಿ ಬಿಚ್ಚುವುದಿಲ್ಲ. ಹರಳಿನ ಜಾಗದಲ್ಲಿ ಆವಿಯನ್ನು ಗುರುತಿಸಿ ಮೂಗಿಗೆ ಚುರುಕು ಮುಟ್ಟಿಸುವ ಸಾಸಿವೆಯಷ್ಟು ಯಂತ್ರವನ್ನು ಕೂರಿಸಿದಳು.

ಒಂದು ಮಧ್ಯಾಹ್ನ ಹುಲಿಗೆಮ್ಮ ಬಂದಳು. ಹಾಲ್‌ನ ಹಳೆಯ ಕೈ, ಬಾಯಿ ಜೋರು. ಗಂಡ ತೀರಿಕೊಂಡು ರಜೆಯಲ್ಲಿದ್ದವಳು ಅಂದೇ ಕೆಲಸಕ್ಕೆ ಮರಳಿದ್ದಳು. ಸೆರಗಿನ ಗಂಟು ಬಿಚ್ಚಿ ಮೂಗುತಿಯನ್ನು ಮೇಜಿನ ಮೇಲಿಟ್ಟಳು.

"ಇದು ಇನ್ನ ನನಗಲ್ರೀ ಅಕ್ಕೋರ. ನಮ್ಮತ್ತಿ ತಗದ್ಲು."

"ಇದು ಮೂಗುತಿ ಅಲ್ಲ ಹುಲಿಗೆಮ್ಮ, ಯಂತ್ರ."

"ಹಂಗಿದ್ರ ಮೂಗುತಿ ಹಂಗ ಯಾಕ ಮಾಡೀರಿ?"

ವಿಧವೆ ತಾಯಿಯ ಬರಿ ಮೂಗನ್ನೇ ನೋಡುತ್ತ ಬೆಳೆದ ಗಂಗಾಂಬಿಕೆಗೆ ಇದೊಂದು ಹೊಳೆಯಲಿಲ್ಲವಲ್ಲ! ತನ್ನ ಮೇಲೆಯೇ ಹೇಸಿಕೆಯಾಯಿತು.

"ಬ್ಯಾರೆ ಥರ ಮಾಡಿ ಕೊಡ್ತೀನಿ. ಅಲ್ಲೀತನಕ ಹಾಲ್‌ಗೆ ಹೋಗಬ್ಯಾಡ."

"ಹೊಟ್ಟಿ ಕೇಳಬೇಕಲ್ರೀ," ಎಂದು ಹುಲಿಗೆಮ್ಮ ನಕ್ಕಳು. "ನನ್ನ ಮೂಗೂ ಏನ್ ಕಮ್ಮಿ ಇಲ್ಲ ತಗೋರಿ."

ಮೂಗುತಿ ಇಲ್ಲದವರನ್ನು ಹಾಲ್‌ನ ಗೇಟು ಒಳಗೆ ಬಿಡುತ್ತಿರಲಿಲ್ಲ. ಇವಳನ್ನು ಹೇಗೆ ಬಿಟ್ಟಿತು? ಗಂಗಾಂಬಿಕೆ ಸೂಪರ್‌ವೈಸರ್ ಮಲ್ಲಿನಾಥನನ್ನು ಕೇಳಿದಳು.

"ಗಂಡ ಸತ್ತಾಕಿ ದಿನಾ ಗೇಟಿನ್ಯಾಗ ನಿಂತು ಬರಿ ಮೂಗು ತೋರಿಸ್ಬೇಕೇನ್ರೀ ಮೇಡಂ? ಆಕಿಗೊಬ್ಬಾಕಿಗೆ ನಾನ ಗೇಟ್ ಬಿಡಿಸೀನಿ."

"ಪ್ಯಾಕಿಂಗಿಗೆ ಹಾಕ್ರಿ ಆಕೀನ್ನ."

"ತಿಂಗಳಾ ಮುಗೀಲ್ರಿ, ನೋಡೋಣು."

ಅವನ ಮರುಕ ಸುಳ್ಳಲ್ಲ. ಅದಕ್ಕೇ ಅವಳಿಗೆ ಜಗಳಾಡಲು ಬಾಯಿ ಬರಲಿಲ್ಲ. ಆಡಬೇಕಿತ್ತು.

ತಿಂಗಳು ಮುಗಿಯುವ ಮೊದಲೇ ಕೀಲು ಮತ್ತೆ ಸೋರಿತು. ಎಲ್ಲರ ಮೂಗು ಚುರ್ ಎಂದಿತು, ಎಲ್ಲರೂ ಓಡಿದರು. ಹುಲಿಗೆಮ್ಮ ನೂಲಿನ ಯಂತ್ರದಡಿ ಬಗ್ಗಿ ಹರಿದ ಎಳೆಯನ್ನು ಕೂಡಿಸುತ್ತಿದ್ದಳು. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದರು. ಯಂತ್ರಗಳ ಸದ್ದಿನಲ್ಲಿ ಯಾರ ಕೂಗು ಯಾರಿಗೆ ಕೇಳೀತು? ಗಾಳಿಗಿಂತ ಭಾರವಾದ ಆ ಆವಿ ನೆಲ ಹಿಡಿದು ಹರಿದು ಹಬೆಯ ಪೈಪನ್ನು ಮುಟ್ಟಿತು.

ಮೃತಳು ಸುರಕ್ಷಾ ಸಾಧನವನ್ನು ಧರಿಸಿರಲಿಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತು. ಗಂಗಾಂಬಿಕೆ ಹೊಸದೊಂದನ್ನು ಮಾಡಿದಳು. ಅದು ಮೂಗಿನ ಹೊಳ್ಳೆಯೊಳಗೆ ಕೂರುತ್ತದೆ, ಹೊರಗೆ ಕಾಣುವುದಿಲ್ಲ. ಗಂಡ ಸತ್ತವರೂ ಹಾಕಿಕೊಳ್ಳಬಹುದಲ್ಲ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಹುಲಿಗೆಮ್ಮನ ಅತ್ತೆ ಒಮ್ಮೆ ಬಂದು ಆ ಹಳೆಯ ಮೂಗುತಿಯನ್ನು ಕೇಳಿದಳು. ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿದಳು. ಅವಳದೂ ಬರಿ ಮೂಗು.

"ನಂದು ತಗದಾಗ ನಾ ಏನ್ ಸತ್ತಿದ್ದಿಲ್ಲಲ್ರೀ ಅವ್ವಾ," ಎಂದಳು. "ಈಕಿ ಸಾಯ್ತಾಳಂತ ನನಗ ಹ್ಯಾಂಗ ತಿಳೀಬೇಕು?"

ಗಂಗಾಂಬಿಕೆ ಆ ಮೂಗುತಿಯನ್ನು ಮುದುಕಿಯ ಸೆರಗಿನ ತುದಿಗೆ ಗಂಟು ಹಾಕಿ ಕೊಟ್ಟಳು.

2058ನೇ ಇಸವಿಗೆ ಇನ್ನೂ ವರ್ಷಗಳಿವೆ. ಆ ಯಂತ್ರ ಇನ್ನೂ ಹುಟ್ಟಿಲ್ಲ. ಮೂಗುತಿ ತೆಗೆಯುವ ಕೈಗಳಿಗೆ ಮಾತ್ರ ಅಲ್ಲಿಯವರೆಗೆ ಕಾಯುವ ಕೆಲಸವಿಲ್ಲ.