ಮುಗಿದ ಮಾತಿನ ಹಾಡು

ನೀಲಾಂಬಿಕೆಯ ಕಿವಿಯ ಹಿಂದೆ ಅಂಟಿಕೊಂಡಿದ್ದ ಗೋಧಿಕಾಳಿನಷ್ಟು ಪುಟ್ಟ ಗುಂಡು ಬೆಚ್ಚಗಾಯಿತು. ಲಗ್ನದ ಮಾತುಕತೆಗೆ ಬಂದಿದ್ದ ಗದಗಿನ ಆ ಮನೆಯಲ್ಲಿ ಗಂಡಿನ ತಾಯಿ ಆಗಷ್ಟೇ ನಗುತ್ತ ಹೇಳಿದ್ದರು: "ಲಗ್ನ ಆದಮ್ಯಾಲೆ ಕೆಲಸ ಬ್ಯಾಡವಾ. ನಮ್ಮ ಸೊಸಿ ರೈಲು ಬಿಡ್ತಾಳ ಅಂದ್ರ ಮಂದಿ ಸುಳ್ಳುಬುರುಕಿ ಅಂತ ತಿಳೀತಾರ."

ನೀಲಾ ನಿಜವಾಗಿಯೂ ರೈಲು ಓಡಿಸುವವಳು. ಅವಳ ಎದೆಬಡಿತ ಏರಿದ್ದನ್ನು ಗುಂಡು ಗುರುತಿಸಿತು. ‘ಧೀರೆ’ ಎಂಬ ಆ ಸಾಧನ ಸಿಟ್ಟನ್ನು ಅಳೆದು, ಆ ಕ್ಷಣಕ್ಕೆ ತಕ್ಕ ಹಾಡು ಕಟ್ಟಿ, ತೊಟ್ಟವಳದೇ ದನಿಯಲ್ಲಿ, ಮೂಳೆಯ ಮೂಲಕ ಅವಳಿಗಷ್ಟೇ ಕೇಳಿಸುತ್ತದೆ. ‘ಹೇಳಿದೆ ನಾನು, ಅಂಜದೆ ಹೇಳಿದೆ, ಹೊಸಿಲು ದಾಟಿದೆ, ಗೆದ್ದೆ.’ ದೇಶದ ಅರ್ಧದಷ್ಟು ಹೆಣ್ಣುಮಕ್ಕಳು ಆಗ ಇಂಥ ಹಾಡು ಕೇಳುತ್ತಿದ್ದರು. ನೀಲಾಳ ಮುಖ ತಿಳಿಯಾಯಿತು.

ಬಸ್ಸಿನಲ್ಲಿ ಅವಳು ತಾಯಿಗೆ ಒರಗಿ ಕೂತಳು. "ಕೆಲಸ ಬಿಡಂಗಿಲ್ಲಂತ ಹೆಂಗ ಹೇಳಿದೆ ನೋಡು ಯವ್ವಾ. ಅವರು ಪಿಟ್ಟನ್ನಲಿಲ್ಲ."

ತಾಯಿ ಸಿಂಚನಾ ಆ ಹೊತ್ತೆಲ್ಲ ಮಗಳ ಪಕ್ಕದಲ್ಲೇ ಕೂತಿದ್ದಳು. ಚಹಾಕ್ಕೆ ಸಕ್ಕರೆ ಸಾಕು ಎಂದದ್ದು ಬಿಟ್ಟರೆ ಹುಡುಗಿ ಬಾಯಿ ತೆರೆದಿರಲಿಲ್ಲ.

ಮೊದಲು ಆಕೆ ತನ್ನ ಕಿವಿಯನ್ನೇ ಅನುಮಾನಿಸಿದಳು, ಆಮೇಲೆ ಮಗಳನ್ನು. ರಾಜೀನಾಮೆ ಯಾವಾಗ ಎಂದು ಬೀಗರು ಫೋನ್ ಮಾಡಿದಾಗ ನೀಲಾ ದಂಗಾದಳು. ಬಿಡುವುದಿಲ್ಲವೆಂದು ಅವತ್ತೇ ಹೇಳಿದ್ದೇನಲ್ಲ ಎಂದಳು. ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ. ಸಿಂಚನಾಗೆ ಹೆದರಿಕೆಯಾದದ್ದು ಅದಕ್ಕೇ.

ಮಗಳು ಸ್ನಾನಕ್ಕೆ ಹೋದಾಗ ಆಕೆ ಅವಳು ತೆಗೆದಿಟ್ಟಿದ್ದ ಗುಂಡನ್ನು ತನ್ನ ಕಿವಿಯ ಹಿಂದೆ ಅಂಟಿಸಿಕೊಂಡು, ಹಿಟ್ಟು ನಾದುತ್ತ ಅದರಲ್ಲಿ ಉಳಿದಿದ್ದ ಹಾಡುಗಳನ್ನು ಕೇಳಿದಳು. ಹೇಳಿದೆ, ದಾಟಿದೆ, ಮುರಿದೆ, ಗೆದ್ದೆ. ಹೇಳುತ್ತೇನೆ ಎಂಬ ಮಾತು ಎಲ್ಲೂ ಇರಲಿಲ್ಲ.

ಗುಂಡನ್ನು ರೂಪಿಸಿದ ವಿಜ್ಞಾನಿ ಮಾನ್ಯತಾ ದೇಸಾಯಿ ಧಾರವಾಡದಲ್ಲಿದ್ದರು. ಸಿಂಚನಾ ಹೋಗಿ ನೇರವಾಗಿ ಕೇಳಿದಳು: "ಎಲ್ಲಾ ಹಾಡೂ ಮುಗದ ಮಾತಿನ್ಯಾಗ ಯಾಕ ಅದಾವ್ರಿ, ಮೇಡಂ?"

ಮಾನ್ಯತಾ ತಾಳ್ಮೆಯಿಂದ ವಿವರಿಸಿದರು. ಹಾಗೆ ಹಾಡೆಂದು ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ. ಕೇಳುವವಳಿಗೆ ಹಿತವಾಗಬೇಕು ಎಂದಷ್ಟೇ ಹೇಳಿದ್ದರು. ಹಾಡು ‘ಹೇಳುತ್ತೇನೆ’ ಎಂದರೆ ಎದೆಬಡಿತ ಇನ್ನೂ ಏರುತ್ತಿತ್ತು, ಕೊಂಡವರು ಗುಂಡನ್ನು ಹಿಂದಿರುಗಿಸುತ್ತಿದ್ದರು. ‘ಹೇಳಿದೆ’ ಎಂದರೆ ಇಳಿಯುತ್ತಿತ್ತು, ಯಂತ್ರ ತಾನಾಗಿಯೇ ಅದನ್ನು ಕಲಿಯಿತು. ತನ್ನದೇ ದನಿಯಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಮಿದುಳು ತಾನೇ ಆಡಿದ್ದೆಂದು ನಂಬಿಬಿಡುತ್ತದೆ.

"ಹೆಣ್ಣುಮಕ್ಕಳಿಗೆ ಸಮಾಧಾನ ಸಿಗ್ತದಲ್ರಿ?" ಎಂದರು ಮಾನ್ಯತಾ.

"ನನ್ನ ಮಗಳಿಗೆ ಸಮಾಧಾನ ಆತ್ರಿ. ಬೀಗರಿಗೂ ಆತು."

ಮಾನ್ಯತಾ, ಗುಂಡನ್ನು ಹೆಚ್ಚಾಗಿ ಕೊಳ್ಳುವವರು ಕಾರ್ಖಾನೆಗಳ ಮಾಲೀಕರು, ಹೆಣ್ಣಾಳುಗಳಿಗೆ ಪುಕ್ಕಟೆ ಹಂಚುತ್ತಾರೆ ಎಂದು ಮೆಲ್ಲಗೆ ಹೇಳಿದರು. ಅದನ್ನು ತಾವು ಆ ಹೆಣ್ಣುಮಕ್ಕಳಿಗೆ ಸಿಗುವ ಗೌರವವೆಂದೇ ತಿಳಿದಿದ್ದರಂತೆ.

ನೀಲಾ ತಾಯಿಯ ಮಾತು ನಂಬಲಿಲ್ಲ, ರೇಗಿದಳು. ಆದರೂ ಖಾತ್ರಿ ಮಾಡಿಕೊಳ್ಳಲೆಂದು ಗುಂಡು ಬಿಚ್ಚಿಟ್ಟು ಗದಗಿಗೆ ಹೋದಳು. ಅವಳ ಮಾತಿಗೆ ತಾಳವಿರಲಿಲ್ಲ. ಚಹಾದ ಬಟ್ಟಲಿನ ಮೇಲೆ ಕಣ್ಣಿಟ್ಟು, "ನಾ ಕೆಲಸ ಬಿಡಂಗಿಲ್ರಿ," ಎಂದಳು. ಸಂಬಂಧ ಅಲ್ಲಿಗೇ ಮುರಿಯಿತು. ದಾರಿಯುದ್ದಕ್ಕೂ ಅತ್ತು, ಊದಿದ ಕಣ್ಣಿನಲ್ಲೇ ಸಂಜೆಯ ರೈಲಿನ ಎಂಜಿನ್ ಹತ್ತಿದಳು.

ಸಿಂಚನಾ ಒಬ್ಬಳೇ ರೊಟ್ಟಿ ಬಡಿಯುತ್ತ ಕೂತಳು. ಗುಂಡುಗಳಿಲ್ಲದ ಕಾಲದಲ್ಲಿ, ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ, ತಾನು ಹುಡುಗಿಯಾಗಿದ್ದಾಗಲೂ ಇಂಥ ಹಾಡುಗಳಿದ್ದವು. ಫೋನಿನಲ್ಲಿ ಕೇಳಿ, ಕನ್ನಡಿಯೆದುರು ಕುಣಿದರೆ ಮೈಯೆಲ್ಲ ಹಗುರಾಗುತ್ತಿತ್ತು. ಮುಂದೆ ಓದುತ್ತೇನೆಂದು ಅಪ್ಪನಿಗೆ ಗಟ್ಟಿಯಾಗಿ ಹೇಳಿದ್ದೆ, ಅವರೇ ಒಪ್ಪಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದಳು. ಹಾಡಿನ ಸಾಲುಗಳೆಲ್ಲ ಈಗಲೂ ಬಾಯಿಗೆ ಬಂದವು. ಅಪ್ಪ ಅವತ್ತು ಏನೆಂದರು ಎಂಬುದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ.