ಅವಳ ಮೇಜು ಬಿಟ್ಟುಹೋದ ಫೈಲು

ನೀರು ಸರಬರಾಜು ಕಚೇರಿಯ ಮೂರನೇ ಮೇಜಿನ ಮುಂದೆ ಬಂದು ನಿಂತ ಸೈಟ್ ಎಂಜಿನಿಯರ್ ಮೇಜಿನ ಮೇಲೆಲ್ಲ ಕಣ್ಣಾಡಿಸಿದ. ಐದು ವಾರ ಅಲ್ಲೇ ಇದ್ದ ಅವನ ಫೈಲು ಈಗ ಇರಲಿಲ್ಲ.

"ನಿಮ್ಮದು ಮಾವನ ಹತ್ರ ಇದೆ," ಎಂದಳು ಮೀಟರ್ ವಿಭಾಗದ ಅಧಿಕಾರಿಣಿ, ತಲೆಯೆತ್ತದೆ. ಕಚೇರಿಯವರೆಲ್ಲ ಮಾವ ಎಂದೇ ಕರೆಯುತ್ತಿದ್ದ ಹಿರಿಯ ಅಧಿಕಾರಿ ಕಿಟಕಿಯ ಬಳಿಯಿಂದ ಕೈಯೆತ್ತಿದರು.

"ಯಾಕೆ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ. ಹೋಗಿ, ಕಾಯ್ತಿದ್ದಾರೆ."

ಇಷ್ಟೇನಾ? ಇವತ್ತು ಮನಸ್ಸಿನ ಮಾತು ಹೇಳಿಯೇಬಿಡಬೇಕೆಂದು ಅವನು ಬೆಳಿಗ್ಗೆ ಕನ್ನಡಿಯ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿ ಬಂದಿದ್ದ.

ಮೊದಲ ದಿನ ನಲವತ್ತು ಮನೆಗಳ ಅಪಾರ್ಟ್‌ಮೆಂಟಿಗೆ ಇರುವುದರಲ್ಲೇ ದೊಡ್ಡ ಮೀಟರು ಕೇಳಿ ಅರ್ಜಿ ತಂದಿದ್ದ. ದೊಡ್ಡದಾದರೆ ನೀರು ಧಾರಾಳ ಬರುತ್ತದೆಂಬ ನಂಬಿಕೆ. ಹೊಸ ಮನೆಗಳು ಹಳೆಯ ಪೈಪುಗಳ ಮೇಲೆ ಹೊರಿಸುವ ಭಾರಕ್ಕೆಂದು ಕಟ್ಟಬೇಕಾದ ಇಂಪ್ಯಾಕ್ಟ್ ಫೀ, ಮೀಟರಿನ ಅಳತೆಯ ಜೊತೆಗೇ ಏರುತ್ತದೆಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀವು ಕಾಲಿಗಿಂತ ಹಾಸಿಗೇನೇ ಉದ್ದ ತಂದ್ಬಿಟ್ರಿ," ಎಂದಿದ್ದಳು, ತುಟಿಯಂಚಿನಲ್ಲಿ ನಗು ಅದುಮಿಕೊಂಡು. "ಫೀಸೂ ಜಾಸ್ತಿ. ಅದೂ ಅಲ್ದೆ ದೊಡ್ಡ ಮೀಟರಿಗೆ ಸಣ್ಣ ಧಾರೆ ಕೇಳಿಸೋದೇ ಇಲ್ಲ. ನಲ್ಲಿ ತೊಟ್ಟಿಕ್ತಿದ್ರೂ ಮುಳ್ಳು ಅಲ್ಲಾಡಲ್ಲ."

"ನಿಮಗೆ ಕೇಳಿಸುತ್ತಾ?"

"ಏನು?"

"ಸಣ್ಣ ಧಾರೆ."

ಬರೆಯುತ್ತಿದ್ದ ಪೆನ್ನು ನಿಂತಿತ್ತು. ರೆಪ್ಪೆಗಳು ಒಮ್ಮೆ ಮೇಲೆದ್ದು ಥಟ್ಟನೆ ಇಳಿದಿದ್ದವು. "ನನ್ನ ಕೆಲ್ಸಾನೇ ಅದು."

ಆಮೇಲೆ ಅರ್ಜಿಯಲ್ಲಿ ಮೀಟರಿನ ಅಳತೆ ಇಳಿಸಿ, ಸೈಟಿಗೆ ಬಂದು ಆರು ಅಂತಸ್ತು ಹತ್ತಿ, ಒಳಗೆ ಮನೆಮನೆಗೂ ಪುಟ್ಟ ಮೀಟರಿಗೆ ಜಾಗ ಗುರುತು ಹಾಕಿಕೊಟ್ಟಿದ್ದಳು. ಅವಳ ಹುಬ್ಬಿನ ಮೇಲೆ ಸಿಮೆಂಟಿನ ಧೂಳು ಕೂತಾಗ, ಒರೆಸಲು ತಾನಾಗಿ ಎದ್ದ ಕೈಯನ್ನು ಅವನು ಜೇಬಿಗೆ ತುರುಕಿಕೊಂಡಿದ್ದ. ಚಹಾ ತರಿಸಿದರೆ ಅವಳು ಮುಟ್ಟಿರಲಿಲ್ಲ. ನೀರು ಕೊಟ್ಟರೆ ತನ್ನದೇ ಬಾಟಲಿ ತೆಗೆದಿದ್ದಳು.

ಈಗ ಫೈಲನ್ನೇ ಆಚೆ ದೂಡಿದ್ದಾಳೆ. ಇನ್ನು ಇತ್ತ ತಲೆ ಹಾಕಬೇಡ ಅಂತ ತಾನೇ?

"ಬಾರಪ್ಪ, ಕೂತ್ಕೋ," ಎಂದರು ಮಾವ. "ಅಳತೆ ಸರಿ ಇದೆ, ಶುಲ್ಕಾನೂ ಸರಿ ಇದೆ. ಇದೊಂದು ಕಾಗ್ದ ಓದಿ ಸಹಿ ಹಾಕು. ಫೈಲು ಕೈ ಬದಲಾಯಿಸಿದ್ರೆ ಕಾರಣ ಅರ್ಜಿ ಕೊಟ್ಟವರಿಗೆ ತಿಳಿಸ್ಬೇಕು. ಇಲ್ಲಿನ ರೂಲು."

ಅವಳ ದುಂಡು ಅಕ್ಷರ. 'ಈ ಅರ್ಜಿದಾರರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಾಗಿ ಉಳಿದಿಲ್ಲ. ಬೇರೆಯವರು ಲೆಕ್ಕವನ್ನು ಮೊದಲಿನಿಂದ ಪರಿಶೀಲಿಸಬೇಕಾಗಿ ಕೋರಿಕೆ.'

ಅವನ ಮುಖ ಬಾಡಿತು. "ನನ್ನ ಮೇಲೆ ಅಷ್ಟೊಂದು ಸಿಟ್ಟಾ ಅವರಿಗೆ?"

ಮಾವ ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ! ಸಿಟ್ಟಿದ್ದವಳು ನಿನ್ನ ಫೀಸು ಅರ್ಧಕ್ಕೆ ಇಳಿಸೋ ದಾರಿ ಹೇಳಿಕೊಡ್ತಾಳಾ? ಮೂರು ದಿನ ಕೂತು ತಾಳೆ ನೋಡಿದೀನಿ, ಒಂದು ಹನಿ ಆಚೀಚೆ ಇಲ್ಲ. ಫೈಲು ಕೈಯಲ್ಲಿದ್ದಷ್ಟು ದಿನ ನಿನ್ನ ಚಹಾನೂ ಮುಟ್ಟಲಿಲ್ಲ. ಇನ್ನು ತಡಕೊಳ್ಳೋಕೆ ಆಗಲ್ಲ ಅನ್ನಿಸಿದಾಗ ಫೈಲು ತಂದು ನನಗೆ ಕೊಟ್ಲು. ಅಪಾರ್ಟ್‌ಮೆಂಟ್ ಕಟ್ಟೋನಿಗೆ ಇಷ್ಟೂ ಅರ್ಥ ಆಗಲ್ವಾ? ಸಹಿ ಹಾಕು, ಏಳು!"

ಅವನು ಸಹಿ ಹಾಕಿದ. ಮೂರನೇ ಮೇಜಿಗೆ ಹತ್ತೇ ಹೆಜ್ಜೆ. ಅಷ್ಟರಲ್ಲಿ ಕನ್ನಡಿಯ ಮುಂದೆ ಕಲಿತದ್ದೆಲ್ಲ ಮರೆತುಹೋಯಿತು.

"ಓದಿದ್ರಾ?" ಅವಳ ಕಿವಿಯ ತುದಿ ಕೆಂಪಾಗಿತ್ತು.

"ಓದ್ದೆ. ನನ್ನದೂ ಅದೇ ಕಾಯಿಲೆ. ನಿಮ್ಮ ವಿಷಯದಲ್ಲಿ ನಾನು ಮೊದಲ ದಿನದಿಂದಾನೇ..." ಅವನು ಕುರ್ಚಿ ಎಳೆದು ಕೂತ. "ನಿಮ್ಮನ್ನ ಬಿಟ್ಟು ಬೇರೆ ಯೋಚನೇನೇ ಇಲ್ಲ ನನಗೆ."

ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಮನೇಲಿ ಅಮ್ಮ ಕೇಳ್ತಾರೆ, ಹುಡುಗ ಹೇಗೆ ಅಂತ."

"ಏನು ಹೇಳ್ತೀರಿ?"

"ಅರ್ಜಿ ತಪ್ಪು ಬರೀತಾನೆ. ತಿದ್ದಿದ್ರೆ ಕೇಳ್ತಾನೆ ಅಂತ."

ಹೇಳಿ, ಈ ಸಲ ಕಣ್ಣು ಇಳಿಸದೆ ಅವನನ್ನೇ ನೋಡಿದಳು.