ತೊಗಲು ಬಿಗಿದ ಕೆರೆ

ಏಳು ಬೆಟ್ಟಗಳಾಚೆ, ಹೇಳಿದವರೂ ಕೇಳಿದವರೂ ಮಣ್ಣಾದಷ್ಟು ಹಿಂದೆ, ನೀಲಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಕೆರೆಯ ನೀರಿನ ಮೇಲೆ ಬಿಗಿಯಾದ ತೊಗಲಿತ್ತು. ಆನೆಗಾತ್ರದ ನೀರುಜೇಡವೊಂದು ಮುಳುಗದೆ ಅದರ ಮೇಲೆ ಓಡಾಡುತ್ತಿತ್ತು. ಅದು ನಿಜವಾಗಿ ಕರಾಳಮುಖನೆಂಬ ಮಾಂತ್ರಿಕ. ವರ್ಷಕ್ಕೊಬ್ಬ ತರುಣನನ್ನು ಅವನು ತೊಗಲಿನಡಿ ಎಳೆದುಕೊಳ್ಳುತ್ತಿದ್ದ. ಒಳಗಿನವರು ಸಾಯುತ್ತಿರಲಿಲ್ಲ, ತೊಗಲಿಗೆ ಅಂಗೈ ಒತ್ತಿ ಮೇಲೆ ನೋಡುತ್ತಿದ್ದರು. ಸತ್ತಿದ್ದರೇ ವಾಸಿ ಎನ್ನುವಂಥ ಸಂಕಟ ಅದು.

ದಡದ ಊರಿನ ಹುಡುಗಿ ಹೊನ್ನಲೆಯ ಅಣ್ಣ ಬೊಪ್ಪಯ್ಯನೂ ಆ ತೊಗಲಿನಡಿ ಇದ್ದ. ಅವನ ಮುಖ ನೋಡುತ್ತ ತಾಯಿ ದಡದಲ್ಲೇ ಕೂತಳು, ಕೂತಲ್ಲೇ ಸೊರಗಿದಳು.

ಹೊನ್ನಲೆ ಕೊಡಲಿಯಿಂದ ತೊಗಲನ್ನು ಕಡಿದಳು. ಕಡಿದಷ್ಟೂ ಕೂಡಿಕೊಂಡಿತು. ಗಾಣದ ಎಣ್ಣೆ ಸುರಿದಳು. ತೊಗಲು ಕೊಂಚ ಸಡಿಲಾಯಿತು, ಜೇಡನ ಒಂದು ಕಾಲು ಜಾರಿತು, ಅಷ್ಟೆ.

"ಇನ್ನೂ ಸುರಿಯೇ ಹುಡುಗಿ, ಕಾಲು ನೋಯ್ತಿತ್ತು!" ಎಂದು ಮಾಂತ್ರಿಕ ನಕ್ಕ.

ತಾಯಿ ಮಗಳನ್ನು ಹತ್ತಿರ ಕರೆದಳು. "ಒಮ್ಮೆ ಕುದಿಯೋ ಬೂದಿನೀರಿಗೆ ದೀಪದ ಎಣ್ಣೆ ಬಿತ್ತು ಮಗಾ. ಆ ನೀರು ಕೈಮೇಲೆ ಹನಿಯಾಗಿ ನಿಲ್ಲಲಿಲ್ಲ, ತೊಗಲೇ ಇಲ್ಲದ ಹಾಗೆ ಹರಡಿಕೊಂಡ್ತು. ಹೆದರಿ ಚೆಲ್ಲಿಬಿಟ್ಟೆ."

ಆ ನಾಡಿನಲ್ಲಿ ಎಣ್ಣೆ ಮಂಗಳ, ಬೂದಿ ಸೂತಕ. ಎರಡೂ ಒಂದೇ ಪಾತ್ರೆಗೆ ಬೀಳಬಾರದೆಂದು ಶಾಸ್ತ್ರ. ಶಾಸ್ತ್ರ ಮಾಡಿದ್ದು ಯಾರೆಂದು ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಮಾಂತ್ರಿಕನ ಹೆಸರೇ ಸಿಗುತ್ತಿತ್ತು.

ತನ್ನ ಒಲೆಯ ಬೂದಿ ಕೆರೆಗೆ ಸಾಲದೆಂದು ಹೊನ್ನಲೆ ಮನೆಮನೆಗೆ ಹೋಗಿ ಬೂದಿ ಬೇಡಿದಳು. ಹೆದರಿ ಯಾರೂ ಕೊಡಲಿಲ್ಲ.

"ನನ್ನ ಚಿತೆಯ ಬೂದಿ ನಿನ್ನದೇ ಅಲ್ವಾ? ಅದನ್ನೇ ಹಾಕು" ಎಂದಳು ತಾಯಿ. ಮರುದಿನ ಅವಳು ಏಳಲಿಲ್ಲ.

ಚಿತೆ ಆರಿದ ಮೇಲೆ ಅಳುತ್ತಲೇ ಹೊನ್ನಲೆ ಆ ಬೂದಿಯನ್ನು ನೀರಲ್ಲಿ ಕದಡಿ ಸೋಸಿದಳು, ಎಣ್ಣೆ ಬೆರೆಸಿ ಕೊಪ್ಪರಿಗೆಯಲ್ಲಿ ಕುದಿಸಿದಳು. ಎಣ್ಣೆ ಮೇಲೆ, ನೀರು ಕೆಳಗೆ ನಿಂತವು. ತಡೆಯಲಾರದೆ ಒಂದು ಚೊಂಬು ಕೆರೆಗೆ ಸುರಿದಳು. ಏನೂ ಆಗಲಿಲ್ಲ. ಆತುರಗಾರ್ತಿಗೆ ಬುದ್ಧಿ ಬಂತು. ತೋಳು ಬಿದ್ದುಹೋಗುವಂತೆ ಕಲಕಿದಳು. ಎಣ್ಣೆ ಎಣ್ಣೆಯಾಗಿ ಉಳಿಯಲಿಲ್ಲ, ಬೂದಿನೀರು ಬೂದಿನೀರಾಗಿ ಉಳಿಯಲಿಲ್ಲ, ಎರಡೂ ಸೇರಿ ಬೇರೆಯೇ ಒಂದಾಯಿತು. ಅದನ್ನಿಷ್ಟು ಬಟ್ಟಲ ನೀರಿಗೆ ಬೆರೆಸಿ ಮೇಲೆ ಸೂಜಿ ಇಟ್ಟಳು. ಬರೀ ನೀರಿನ ಮೇಲೆ ತೇಲುತ್ತಿದ್ದ ಸೂಜಿ ಈ ಸಲ ಮುಳುಗಿತು.

ಕೊಪ್ಪರಿಗೆಯನ್ನೇ ಕೆರೆಗೆ ಬಗ್ಗಿಸಿದಳು. ತೊಗಲು ಸಡಿಲಾಯಿತು. ಜೇಡನ ಕಾಲುಗಳು ಒಂದೊಂದಾಗಿ ಒಳಗಿಳಿದವು. "ಹಿಡಿಯೇ, ಹಿಡಿಯೇ!" ಎಂದು ಕೂಗುತ್ತ ಮಾಂತ್ರಿಕ ತಳ ಸೇರಿದ.

ತರುಣರೆಲ್ಲ ನೊರೆ ಸೀಳಿಕೊಂಡು ಮೇಲೆದ್ದರು. ಬೊಪ್ಪಯ್ಯ ದಡದತ್ತ ನೋಡಿದ. "ಅವ್ವ ಎಲ್ಲೇ?" ಎನ್ನುತ್ತ ಕೆನ್ನೆಯ ನೊರೆ ಒರೆಸಲು ಹೋದ.

ಹೊನ್ನಲೆ ಅವನ ಕೈ ಹಿಡಿದಳು. "ಒರೆಸಬೇಡ ಅಣ್ಣಾ. ಅವ್ವ ಅದರಲ್ಲೇ ಇದ್ದಾಳೆ."

ಆಮೇಲೆ ಆ ನಾಡು ಸುಖವಾಗಿತ್ತು. ಅಣ್ಣ-ತಂಗಿಯರಿಗೆ ಸುಖ ಬರುವುದು ತಡವಾಯಿತು, ಆದರೂ ಬಂತು.